ಅವ್ವ ಅನ್ನದೆ ಬಿಟ್ಟ ಹೆಸರು

ಅಪ್ಪನಿಗೆ ಎಡಗಿವಿ ಮಂದ. ಬಸ್ಸಿನ ಎಂಜಿನ್ನು ಕೊಟ್ಟ ಬಳುವಳಿ ಅದು. ಹಳೆಯ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರನ ಎಡಮಗ್ಗುಲಿಗೆ ಒಂದು ತಗಡಿನ ಡಬ್ಬಿಯೊಳಗೆ ಕೂತು ದಿನವಿಡೀ ಗುಡುಗುತ್ತಿತ್ತು. ನರಗುಂದ, ರೋಣ, ಗಜೇಂದ್ರಗಡ ಎಂದು ಬಸ್ಸು ಓಡಿಸುತ್ತ ಅದರ ಪಕ್ಕದಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಆ ಕಡೆಯಿಂದ ಯಾರು ಕರೆದರೂ ಮೊದಲ ಸಲಕ್ಕೆ ಕೇಳಿಸುತ್ತಿರಲಿಲ್ಲ. ಅವ್ವ ಅಡುಗೆಮನೆಯಿಂದ "ಏನ್ರೀ" ಅನ್ನುವಳು. ಉತ್ತರವಿಲ್ಲ. ದನಿ ಏರಿಸಿ ಇನ್ನೊಮ್ಮೆ "ಏನ್ರೀ." ಆಗಲೂ ಇಲ್ಲ. ಮೂರನೆಯದು ಓಣಿಯ ತುದಿಯವರೆಗೆ ಮುಟ್ಟಿ, ಎದುರುಮನೆಯವರು ಹಣಿಕಿ ನೋಡಿದ ಮೇಲೆ ಅಪ್ಪ ಪೇಪರಿನಿಂದ ತಲೆ ಎತ್ತದೆ "ಹೂಂ" ಅನ್ನುತ್ತಿದ್ದ. ಅವ್ವ ಗಜೇಂದ್ರಗಡದ ನೇಕಾರರ ಮನೆಯ ಮಗಳು. ಮಗ್ಗಗಳ ಸಪ್ಪಳದ ಮೇಲೆ ಮಾತಾಡಿ ಬೆಳೆದವಳು. ಅವಳ ದನಿಗೂ ಅಪ್ಪನ ಕಿವಿಗೂ ಸರಿಯಾಗಿ ಕೂಡಿಬಂದ ಸಂಸಾರ ಅದು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆ ದನಿಯೇ ಮೊದಲು ಹೋಯಿತು. ಆರಂಭದಲ್ಲಿ ನಾಲಿಗೆ ತೊಡರಹತ್ತಿತು. ಹಲ್ಲಿನ ತೊಂದರೆ ಇರಬೇಕು ಅಂದುಕೊಂಡೆವು. ಆಮೇಲೆ ರೊಟ್ಟಿ ಬಡಿಯುವ ಕೈ ಸೋತಿತು, ಆಮೇಲೆ ಕಾಲು. ನರಗಳು ಒಂದೊಂದಾಗಿ ಕೈಬಿಡುವ ಕಾಯಿಲೆ, ಇದಕ್ಕೆ ಔಷಧವಿಲ್ಲ ಎಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು. ಇಟಗಿಗೆ ಹೋಗಿ ಭೀಮಾಂಬಿಕೆಗೆ ಕಾಯಿ ಒಡೆಸಿಕೊಂಡು ಬಂದೆವು. ನಾನು ರೋಣದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಮದುವೆಯಾಗದೆ ಅಪ್ಪ ಅವ್ವನ ಜೊತೆಗೇ ಉಳಿದವಳು. ಕಾಯಿ ಒಡೆಸುವಾಗ ನಾನೇ ಎಲ್ಲರಿಗಿಂತ ಮುಂದೆ ನಿಂತಿದ್ದೆ.

ಮಾತು ಹೋದ ಮೇಲೂ ಬಹಳ ದಿನ ಅವ್ವ ಕಣ್ಣಿನಿಂದ ಹೇಳುತ್ತಿದ್ದಳು. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಬೇಡ. ಅಪ್ಪ ಆಗ ಪಿಂಚಣಿದಾರ. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಯಾವ ಬಸ್ಸು ತಡವಾಯಿತು, ಯಾವ ಡ್ರೈವರ ಯಾರ ಕೂಡ ಜಗಳ ತೆಗೆದ, ರಾಜೂರಿನ ಹತ್ತಿರ ರಸ್ತೆ ಎಷ್ಟು ಕೆಟ್ಟಿದೆ ಎಂದು ಎಲ್ಲವನ್ನೂ ಅವಳ ಮುಂದೆ ಹೇಳುತ್ತಿದ್ದ. ದುಡಿಯುವಾಗ ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಬರುಬರುತ್ತ ಅವ್ವನ ಕಣ್ಣು ಎಲ್ಲದಕ್ಕೂ ಮೇಲೆ ಹೋಗಹತ್ತಿತು. ನೀರು ಬೇಕೇನು ಎಂದರೂ ಮೇಲೆ, ನೀರು ಬೇಡವೇನು ಎಂದರೂ ಮೇಲೆ. ಕೊನೆಗೆ ಅದೂ ನಿಂತಿತು. ತಪಾಸಣೆಗೆ ಒಯ್ದಾಗ ಡಾಕ್ಟರು, "ಈಗ ಅವರಿಗೆ ಎಷ್ಟು ತಿಳಿಯುತ್ತದೆ ಎಂದು ನಾನು ಹೇಳಲಾರೆ. ಕೆಲವರಿಗೆ ಬುದ್ಧಿಯೂ ಮಸುಕಾಗುತ್ತದೆ" ಎಂದರು. ಅವರು ತಮಗೆ ಗೊತ್ತಿಲ್ಲ ಎಂದು ಹೇಳಿದ್ದನ್ನು ನಮ್ಮ ಮಂದಿ ಗೊತ್ತಿದೆ ಎಂದೇ ತಿಳಿದುಕೊಂಡರು.

ಅಪ್ಪ ಅಂದಿನಿಂದ ಮಾತು ಬಿಟ್ಟ. ನಾನು ಕೇಳಿದಾಗ, "ಗ್ವಾಡಿ ಕೂಡ ಎಷ್ಟಂತ ಮಾತಾಡೂದವಾ" ಎಂದ. ಅವ್ವ ಅವನಿಗೆ ಗೋಡೆಯಾಗಿದ್ದಳು. ಬೆಳಿಗ್ಗೆ ಎದ್ದವನೇ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋದರೆ ಊಟಕ್ಕೆ ಬರುತ್ತಿದ್ದ, ಉಂಡು ಮತ್ತೆ ಹೋಗುತ್ತಿದ್ದ. ಮನೆಯಲ್ಲಿದ್ದರೂ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂಡುತ್ತಿದ್ದ. ನೋಡಲು ಬಂದ ಬಳಗದವರು ಅವ್ವನ ಹಾಸಿಗೆಯ ಸುತ್ತ ಕೂತು, ಅವಳು ಅಲ್ಲಿ ಇಲ್ಲವೇನೋ ಎಂಬಂತೆ ಅವಳ ಬಗ್ಗೆಯೇ ಮಾತಾಡುತ್ತಿದ್ದರು. ಒಮ್ಮೆ ಒಬ್ಬಾಕೆ ಅವಳ ಕೈ ಹಿಡಿದುಕೊಂಡೇ, "ಪಾಪ, ಏನೂ ತಿಳಿಯಂಗಿಲ್ಲ. ಅಕಿ ಪಟ್ಟೆದಂಚಿನ ಸೀರಿ ಅದಾವಲ್ಲ, ಅವು ಯಾರಿಗಿ?" ಎಂದಳು. ಆಕೆಯ ಕೈಯಲ್ಲಿನ ಚಹಾ ಕಪ್ಪು ಇಸಿದುಕೊಂಡು, "ನಮ್ಮವ್ವನ ಕಿವಿ ಚಲೋ ಅದಾವ್ರಿ. ನಿಮ್ಮ ಬಸ್ಸಿಗೆ ವ್ಯಾಳ್ಯಾ ಆತು ನೋಡ್ರಿ" ಎಂದು ಎಬ್ಬಿಸಿ ಕಳಿಸಿದೆ. ಆಕೆ ಇನ್ನೂ ನನ್ನ ಕೂಡ ಮಾತಾಡುವುದಿಲ್ಲ, ನನಗೆ ಅದರಿಂದ ಸುಖವೇ ಆಗಿದೆ.

ಆದರೆ ಆಕೆಯನ್ನು ಕಳಿಸಿ ಬಂದು ಅವ್ವನ ಮುಖ ನೋಡಿದಾಗ ನನಗೂ ಅದೇ ಸಂಶಯ. ಅವ್ವ ಒಳಗೆ ಇದ್ದಾಳೋ ಇಲ್ಲವೋ? ಇದ್ದರೆ, ಸೀರೆಯ ಮಾತನ್ನೂ ಕೇಳಿಸಿಕೊಂಡಿದ್ದಾಳೆ, ಅಪ್ಪ ಬಾಗಿಲು ದಾಟಿ ಹೋಗುವುದನ್ನೂ ದಿನಾ ಕೇಳಿಸಿಕೊಳ್ಳುತ್ತಿದ್ದಾಳೆ. ಇಲ್ಲದಿದ್ದರೆ ನಾನು ಯಾರಿಗೆ ತಲೆ ಬಾಚುತ್ತಿದ್ದೇನೆ? ನಮ್ಮ ಮನೆಯಲ್ಲಿ ಬೇರೆ ಯಾವ ಪ್ರಶ್ನೆಯೂ ಉಳಿದಿರಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಹೊಳೆಆಲೂರಿನ ಹುಡುಗಿ. ಮಲಪ್ರಭೆ ಉಕ್ಕಿ ಅವರ ಮನೆ ಬಿದ್ದ ವರ್ಷ ನಮ್ಮಲ್ಲಿಯೇ ಉಳಿದು ಶಾಲೆಗೆ ಹೋದವಳು, ಅವ್ವನ ಕೈಯ ರೊಟ್ಟಿ ಉಂಡವಳು. ಈಗ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ತುಟಿ, ನಾಲಿಗೆ ಏನನ್ನೂ ಆಡಿಸದೆ ಮನಸ್ಸಿನಲ್ಲಿಯೇ ಅಂದುಕೊಂಡ ಶಬ್ದವನ್ನು, ತಲೆಗೆ ಕಟ್ಟಿದ ಸಂವೇದಕಗಳಿಂದ ಗುರುತಿಸಲು ಬರುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಮಾತು ಹೋದವರ ಮೇಲೂ ಪರೀಕ್ಷೆ ಮಾಡಲು ಅವಳಿಗೆ ಕಾಲೇಜಿನ ಪರವಾನಗಿ ಇತ್ತು.

"ಮನಸ್ಸು ಓದ್ತೈತೇನ ನಿನ್ನ ಮಶೀನು?" ಎಂದು ಕೇಳಿದೆ. ನನ್ನ ದನಿಯಲ್ಲಿ ಕುಹಕವಿತ್ತು, ಅದರ ಕೆಳಗೆ ಆಸೆಯೂ ಇತ್ತು.

"ಅಂಥಾದ್ದೇನಿಲ್ರಿ ಟೀಚರ್," ಎಂದಳು ಅವಳು. "ಮುಚ್ಚಿದ ಕದದ ಹೊರಗ ನಿಂತು ಒಳಗಿನವರ ಮಾತು ಕೇಳಿದಂಗ. ಏನ್ ಮಾತಾಡಾಕತ್ತಾರ ಅಂತ ತಿಳಿಯಂಗಿಲ್ಲ. ಆದ್ರ ದಿನಾ ಕೇಳಿ ಕೇಳಿ, ಇದು ಜಗಳದ ದನಿ, ಇದು ಜೋಗುಳದ ದನಿ ಅಂತ ಗುರ್ತು ಹಿಡೀಬಹುದು. ನಾವು ಕಲಿಸಿದ ನಾಕು ಶಬ್ದದಾಗ ಅಮ್ಮಾರು ಯಾವುದು ಅಂದ್ರು ಅಂತ ಅದು ಬರೇ ಊಹಾ ಮಾಡ್ತೈತ್ರಿ. ತಪ್ಪೂ ಭಾಳ ಮಾಡ್ತೈತಿ."

ಅಪ್ಪನನ್ನು ಕೇಳಿದೆವು. "ಏನರ ಮಾಡ್ಕೋರಿ. ಅಕಿಗೆ ತ್ರಾಸ ಆಗಬಾರದು" ಎಂದ. ಹೊರಗೆ ಹೋಗುವಾಗ ಹೊಸ್ತಿಲ ಮೇಲೆ ನಿಂತು, "ಹಣಿ ಮ್ಯಾಲಿನ ಕುಂಕುಮ ಒರಸಬ್ಯಾಡ್ರಿ" ಎಂದು ಸೇರಿಸಿದ. ತಲೆಗೆ ಕಟ್ಟುವ ಪಟ್ಟಿಯ ಒಂದು ಗುಂಡಿ ಸರಿಯಾಗಿ ಕುಂಕುಮದ ಜಾಗಕ್ಕೇ ಬರುತ್ತಿತ್ತು. ಹುಡುಗಿ ಸ್ವಲ್ಪ ಯೋಚಿಸಿ ಅದನ್ನು ಬಲಕ್ಕೆ ಸರಿಸಿದಳು.

ವಿಜ್ಞಾನಕ್ಕೆ ನಮ್ಮ ಮನೆ ಒಗ್ಗಲು ಒಂದು ದಿನವೇ ಹಿಡಿಯಿತು. ನಾನು ಅವ್ವನ ತಲೆಗೆ ಎಣ್ಣೆ ಹಚ್ಚಿ ಹಚ್ಚಿ ಬುರುಡೆಯವರೆಗೂ ಇಳಿಸಿದ್ದೆ. ಅದರ ಮೇಲೆ ಸಂವೇದಕ ಹಿಡಿಯುವುದಿಲ್ಲ ಎಂದು ಸೀಗೆಕಾಯಿ ಹಚ್ಚಿ ತಲೆ ತೊಳೆದೆವು. ಬಟ್ಟೆಯ ಪಟ್ಟಿ, ಅದರಲ್ಲಿ ಸಣ್ಣ ಸಣ್ಣ ಲೋಹದ ಗುಂಡಿಗಳು, ಪ್ರತಿ ಗುಂಡಿಗೂ ಒಂದು ಹನಿ ಲೋಳೆ, ಅಲ್ಲಿಂದ ಹೊರಟ ಎಳೆಗಳು ಒಂದು ಪುಟ್ಟ ಪೆಟ್ಟಿಗೆಗೆ. ಹಾಕಿದ ಮೇಲೆ ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆಗಳೆಲ್ಲ ಹುಚ್ಚೆದ್ದು ಕುಣಿದವು. ಅದು ಅವ್ವನ ಮೆದುಳಲ್ಲ, ನಮ್ಮ ಫ್ಯಾನು ಎಂದಳು ಹುಡುಗಿ. ಫ್ಯಾನು ಬಂದ್ ಮಾಡಿದೆವು. ಫ್ರಿಜ್ಜು ಬಂದ್ ಮಾಡಿದೆವು. ಮಗ್ಗುಲ ಮನೆಯವರ ಮಿಕ್ಸರಿಗೂ ಕೈಮುಗಿದು ಬಂದೆ. ಮಧ್ಯಾಹ್ನ ಇಡೀ ಊರಿನ ಕರೆಂಟು ಹೋದಾಗ ಗೆರೆಗಳು ತಾವಾಗಿಯೇ ಶಾಂತವಾದವು. ಕರೆಂಟು ಹೋಯಿತೆಂದು ನಾನು ಸಂತೋಷಪಟ್ಟದ್ದು ಅದೇ ಮೊದಲು. ಹುಡುಗಿ ಬ್ಯಾಟರಿಯ ಮೇಲೆ ಕೆಲಸ ಶುರು ಮಾಡಿದಳು, ನಾನು ಅವ್ವನಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂತೆ.

ಶಬ್ದಗಳನ್ನು ಆರಿಸುವಾಗ ಹುಡುಗಿ ಮೊದಲು ನೀರು, ನೋವು, ಸಾಕು ಎಂದು ಮೂರು ಹಾಕಿಕೊಂಡಳು. "ಇನ್ನೊಂದು, ಅಮ್ಮಾರ ಮನಸ್ಸಿಗೆ ಭಾಳ ಹತ್ತಿರದ್ದು ಬೇಕ್ರಿ. ಅನ್ನಬೇಕು ಅನ್ನಿಸುವಂಥಾದ್ದು" ಎಂದಳು. ನಾನು ಹಿಂದುಮುಂದು ನೋಡದೆ ಅಪ್ಪನ ಹೆಸರು ಹೇಳಿದೆ. ಅವಳು ಬರೆದುಕೊಂಡಳು. ಆಗ ಅದು ನನಗೆ ಪೂರಾ ಸರಿ ಅನ್ನಿಸಿತ್ತು.

ಅವ್ವನ ಕಿವಿಯ ಹತ್ತಿರ ಬಾಗಿ ಹುಡುಗಿ ನಿಧಾನವಾಗಿ ಹೇಳಿಕೊಟ್ಟಳು. "ಅಮ್ಮಾ, ನಾನ್ರಿ, ಹೊಳೆಆಲೂರಾಕಿ. ಈ ಮಶೀನು ಒಂದು ಶಬ್ದ ಹೇಳ್ತೈತ್ರಿ. ಆಮ್ಯಾಲೆ ಗಂಟಿ ಸಪ್ಪಳ ಬರ್ತೈತಿ. ಗಂಟಿ ಕೇಳಿದ ಮ್ಯಾಲೆ ಆ ಶಬ್ದ ಮನಸ್ಸಿನ್ಯಾಗ ಒಮ್ಮೆ ಅನ್ರಿ. ಬಾಯಿ ಬ್ಯಾಡ. ಆಮ್ಯಾಲೆ ಸುಮ್ನಿರ್ರಿ." ಅವ್ವ ಅರೆಮುಚ್ಚಿದ ಕಣ್ಣಿನಲ್ಲಿ ಹಾಗೆಯೇ ಇದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲು ದಾರಿ ಇರಲಿಲ್ಲ.

ನೀರು. ಗಂಟೆ. ಮೌನ. ಸಾಕು. ಗಂಟೆ. ಮೌನ. ಕೇಳುತ್ತ ಕೂತವರಿಗೆ ಅದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ಅವ್ವ ದಣಿದಾಳು ಎಂದು ಹುಡುಗಿ ನಡುನಡುವೆ ನಿಲ್ಲಿಸುತ್ತಿದ್ದಳು. ಸಂಜೆ ಪರದೆ ನೋಡಿ, "ಇನ್ನಾ ಏನೂ ಹೇಳಾಕ ಬರಂಗಿಲ್ರಿ" ಎಂದು ಪೆಟ್ಟಿಗೆ ಮುಚ್ಚಿ ಹೊಳೆಆಲೂರಿಗೆ ಹೋಗಿ, ಬೆಳಿಗ್ಗೆ ಮತ್ತೆ ಬರುತ್ತಿದ್ದಳು. ಅಪ್ಪ ಚಹಾದಂಗಡಿಗೆ ಹೋಗುವುದನ್ನು ಮಾತ್ರ ಕಡಿಮೆ ಮಾಡಿದ. ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂಡುವನು. ಗಂಟೆಯ ಸಪ್ಪಳ ಬಂದಾಗ ಅವನ ಬೆನ್ನು ಸ್ವಲ್ಪ ನೆಟ್ಟಗಾಗುವುದನ್ನು ನಾನು ಒಳಗಿನಿಂದ ನೋಡುತ್ತಿದ್ದೆ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಹುಡುಗಿ ನನ್ನನ್ನು ಪರದೆಯ ಹತ್ತಿರ ಕರೆದಳು. "ಟೀಚರ್, ನೀರು, ನೋವು, ಸಾಕು, ಮೂರೂ ಅಲ್ಪ ಸ್ವಲ್ಪ ಬ್ಯಾರೆ ಬ್ಯಾರೆ ಕಾಣಾಕತ್ತಾವ್ರಿ. ಬರೇ ಊಹಾ ಅನ್ನಾಕ ಆಗಂಗಿಲ್ಲ. ಆದ್ರ ನಾಕನೇದ್ದು..." ಎಂದು ತಡೆದಳು. "ಅಪ್ಪಾರ ಹೆಸರು ಬಂದಾಗೆಲ್ಲಾ ಏನೂ ಇಲ್ರಿ. ತಪ್ಪು ಶಬ್ದ ಅಂದಿದ್ರ ಆ ಶಬ್ದದ ಗುರ್ತರ ಬರಬೇಕಿತ್ತು. ಹಂಗಲ್ಲ. ಸುಮ್ನಿರೂ ವ್ಯಾಳ್ಯಾದಾಗ ಹ್ಯಾಂಗ ಬರ್ತೈತೋ ಹಂಗ ಬರಾಕತ್ತೈತಿ. ಗಂಟಿ ಬಡದರೂ ಅಮ್ಮಾರು ಏನೂ ಅನ್ನಾಕತ್ತಿಲ್ರಿ. ದಿನಾ ಹಿಂಗ. ಗುಂಡಿ ಎಲ್ಲ ಬದಲಿ ಮಾಡಿ ನೋಡಿದೆ."

ನೀರು, ನೋವು ಎಲ್ಲ ನೆನಪಿದ್ದು, ಅಪ್ಪನನ್ನೇ ಮರೆತಿದ್ದಾಳೆ ಅಂದುಕೊಂಡೆ. ಇದನ್ನು ಅಪ್ಪನಿಗೆ ಹೇಳಬಾರದು ಎಂದು ಹುಡುಗಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಆದರೆ ಅಂದು ಅಪ್ಪ ಬಲಗಿವಿಯನ್ನು ನಮ್ಮ ಕಡೆಗೆ ಮಾಡಿ ಕೂತಿದ್ದ.

"ಯಾವ ಶಬ್ದಲೇ ಅದು, ಬರವೊಲ್ದು ಅನ್ನೂದು?" ಎಂದ ಬಾಗಿಲಿನಿಂದಲೇ.

ಸುಳ್ಳು ಹೇಳಲು ಹೊಳೆಯಲಿಲ್ಲ. "ನಿನ್ನ ಹೆಸರಪಾ" ಎಂದೆ.

ಅಪ್ಪ ನನ್ನನ್ನು ನೋಡಿದ. ಹುಡುಗಿಯನ್ನು ನೋಡಿದ. ಆಮೇಲೆ ನಗಹತ್ತಿದ. ವರ್ಷದಿಂದ ಆ ನಗೆ ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ನಗುತ್ತ ನಗುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಎಂಥಾ ಸಾಲಿ ಕಲ್ತೀರೆವ್ವಾ ಇಬ್ರೂ! ನಿಮ್ಮವ್ವ ಎಂದರ ನನ್ನ ಹೆಸರು ತಗದಾಳೇನ?"

ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯುಷ್ಯಕ್ಕೆ ಕುಂದು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹೆಂಗಸರೆಲ್ಲ ಕಾಡಿಸಿದರೆ ಪ್ರಾಸ ಕಟ್ಟಿ ಒಡಪು ಹೇಳಿ, ಅದರ ನಡುವೆ ಹೆಸರನ್ನು ಅಡಗಿಸಿ ಅಂದು ಒಳಗೆ ಓಡುವುದುಂಟು. ಅವ್ವ ಅದಕ್ಕೂ ಒಲಿಯುತ್ತಿರಲಿಲ್ಲ, ಅರ್ಧ ಒಡಪು ಹೇಳಿ ಹೆಸರು ಬರುವಲ್ಲಿಗೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳಂತೆ. ನಾನು ಸಣ್ಣವಳಿದ್ದಾಗ ನರಗುಂದದ ದವಾಖಾನೆಯಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ ನನ್ನ ಬೆನ್ನು ಚಿವುಟಿ ಮುಂದೆ ತಳ್ಳುವಳು. "ನೀ ಹೇಳವಾ." ನಾನು ಎಲ್ಲ ಕಿಟಕಿಗಳ ಮುಂದೆಯೂ ಕಾಲ ತುದಿಯ ಮೇಲೆ ನಿಂತು ಅಪ್ಪನ ಹೆಸರು ಕೂಗಿ ಹೇಳಿದವಳು. ಶಬ್ದ ಆರಿಸಿದ ದಿನವೂ ಅದನ್ನೇ ಮಾಡಿದ್ದೆ. ಅವ್ವನ ಪರವಾಗಿ ಹೆಸರು ಹೇಳಿ ಹೇಳಿ, ಅದು ಅವಳು ಆಡದ ಶಬ್ದ ಎಂಬುದೇ ನನಗೆ ಮರೆತುಹೋಗಿತ್ತು.

ಅಪ್ಪನ ನಗೆ ನಿಂತಿತು. ಅವನು ಹೇಳಿದ ಮಾತು ಅವನಿಗೇ ಆಗ ತಿಳಿದಿರಬೇಕು. ನನಗೂ ತಿಳಿಯಿತು. ಮನಸ್ಸಿನಲ್ಲಿ, ಯಾರಿಗೂ ಕೇಳಿಸದಲ್ಲಿ, ಗಂಟೆ ಬಡಿದು ಅನ್ನು ಎಂದರೂ ಅವ್ವ ಆ ಹೆಸರು ಅನ್ನಲಿಲ್ಲ. ದಿನಾ ಕೇಳಿದ್ದಾಳೆ, ದಿನಾ ಬೇಡ ಎಂದಿದ್ದಾಳೆ. ಬುದ್ಧಿ ಮಸುಕಾದವರು ಹಾಗೆ ಹಟ ಹಿಡಿಯುವುದಿಲ್ಲ. ಅವ್ವ ಒಳಗೆ ಇದ್ದಳು, ಕುಂಕುಮ ಹಚ್ಚಿಕೊಂಡು, ಸೆರಗು ಬಾಯಿಗಿಟ್ಟುಕೊಂಡು, ಇಡೀ ಅವ್ವನೇ ಇದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ತಿರುಗಿ ಬಂದಾಗ ಅಪ್ಪ ಹಾಸಿಗೆಯ ಹತ್ತಿರ ನಿಂತಿದ್ದ. ಬಹಳ ದಿನಗಳ ಮೇಲೆ ಭೆಟ್ಟಿಯಾದವರಿಗೆ ಇರುವ ನಾಚಿಕೆ ಅವನ ಮುಖದಲ್ಲಿತ್ತು. "ಏ, ಕೇಳಸ್ತೇನ," ಎಂದ, ಅವಳನ್ನು ಯಾವಾಗಲೂ ಕರೆಯುತ್ತಿದ್ದ ರೀತಿಯಲ್ಲಿಯೇ. ಅವನೂ ಅವಳ ಹೆಸರು ಹಿಡಿದವನಲ್ಲ. "ಹೆಸರು ತಗೀಬ್ಯಾಡ, ಬಿಡು. ಹುಡುಗ್ಯಾರಿಗೆ ತಿಳಿಲಿಲ್ಲ. ನೀ ಮದ್ಲ ಹ್ಯಾಂಗ ಕರೀತಿದ್ದಿ ಹಂಗ ಕರಿ." ಆಮೇಲೆ ಹುಡುಗಿಗೆ ಹೇಳಿದ, "ಏನ್ರೀ ಅಂತ ಹಾಕವಾ. ಅದ ಅಕಿ ಶಬ್ದ."

ಮರುದಿನ ಹೆಸರು ತೆಗೆದು ಅದನ್ನು ಹಾಕಿದಳು. ಸಂಜೆಯ ಹೊತ್ತಿಗೇ ಗೆರೆಗಳಲ್ಲಿ ಅದರ ಗುರುತು ಕಾಣಹತ್ತಿತು. ಇನ್ನೂ ಎರಡು ದಿನ ಅದನ್ನೇ ಮಾಡಿದೆವು. ಅಪ್ಪ ಕಟ್ಟೆ ಬಿಟ್ಟು ಒಳಗೆ ಬಂದಿದ್ದ, ಹಾಸಿಗೆಯ ಪಕ್ಕದಲ್ಲೇ ಕುರ್ಚಿ.

ಕೊನೆಯ ದಿನ ಹುಡುಗಿ, ಮಶೀನು ಊಹಿಸಿದ ಶಬ್ದವನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವಂತೆ ಮಾಡಿದಳು. ನೀರು ಎಂದು ಗಂಟೆ ಬಡಿದರೆ ಕೆಲವೊಮ್ಮೆ ನೀರು ಎಂದೇ ಬರುತ್ತಿತ್ತು, ಕೆಲವೊಮ್ಮೆ ಸಾಕು ಎಂದು ತಪ್ಪು. ಎಲ್ಲ ಮುಗಿಸಿ ಅವ್ವನಿಗೆ ಸುಮ್ಮನಿರಲು ಹೇಳಿ, ಹುಡುಗಿ ಎಳೆಗಳನ್ನು ಬಿಚ್ಚುವ ಮೊದಲು ನೀರು ಕುಡಿಯಲು ಎದ್ದಳು. ಆಗ ಯಾರೂ ಏನೂ ಹೇಳಿಕೊಡದೆ, ಗಂಟೆ ಬಡಿಯದೆ, ಪರದೆಯ ಮೇಲೆ ಬಂತು: ಏನ್ರೀ. ಅದು ಅಳಿಸಿಹೋಗಿ, ಸ್ವಲ್ಪ ಹೊತ್ತು ಖಾಲಿ. ಮತ್ತೆ: ಏನ್ರೀ.

ಹುಡುಗಿ ಲೋಟ ಕೆಳಗಿಟ್ಟು ಓಡಿಬಂದಳು. "ಇದನ್ನ ನಂಬಬ್ಯಾಡ್ರಿ ಅಪ್ಪಾರ. ಇದು ಆರಾಮ ಇರೂ ವ್ಯಾಳ್ಯಾ. ಹೊಸಾದಾಗಿ ಕಲ್ತ ಶಬ್ದದ ಕಡೆ ಮಶೀನು ವಾಲಿರಬೇಕ್ರಿ. ಒಮ್ಮೊಮ್ಮೆ ಹಿಂಗ ಆಗ್ತೈತಿ."

ಅಪ್ಪ ಚಷ್ಮಾ ಏರಿಸಿಕೊಂಡು ಪರದೆ ಓದಿದ. ಎದ್ದು, ಕುರ್ಚಿಯನ್ನು ಎತ್ತಿಕೊಂಡು ಹಾಸಿಗೆಯ ಆ ಮಗ್ಗುಲಿಗೆ ಹೋಗಿ ಕೂತ. ಈಗ ಅವನ ಬಲಗಿವಿ ಅವ್ವನ ಕಡೆಗಾಯಿತು. ಪರದೆಯ ಮೇಲೆ ಮೂರನೆಯ ಸಲ ಅದೇ ಶಬ್ದ ಬಂತು.

"ಹೂಂ" ಅಂದ ಅಪ್ಪ.

ಹುಡುಗಿ ತನ್ನ ಪಟ್ಟಿ, ಪೆಟ್ಟಿಗೆ ಕಟ್ಟಿಕೊಂಡು ಕಾಲೇಜಿಗೆ ಹೋದಳು. ಅದು ಕಾಲೇಜಿನದು, ನಮಗೆ ಬಿಟ್ಟುಹೋಗುವಂಥದ್ದಲ್ಲ. ಒಂದು ತಿಂಗಳ ಮೇಲೆ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ತನ್ನ ಗುರುಗಳ ಜೊತೆ ಕೂತು ಎಲ್ಲವನ್ನೂ ಮತ್ತೆ ನೋಡಿದ್ದಾಳೆ. ಹೆಸರಿನ ಮುಂದೆ ಅವ್ವ ಸುಮ್ಮನಿದ್ದದ್ದು ಗಟ್ಟಿ, ಅದರಲ್ಲಿ ಅವಳಿಗೆ ಸಂಶಯವಿಲ್ಲ. ಕೊನೆಯ ದಿನ ತಾನಾಗಿಯೇ ಬಂದ ಶಬ್ದದ ಬಗ್ಗೆ ಮಾತ್ರ ಏನೂ ಹೇಳಲು ಬರುವುದಿಲ್ಲ, ಮಶೀನಿನ ತಪ್ಪೇ ಇರಬಹುದು. ನಾನು ಎರಡನ್ನೂ ಅಪ್ಪನಿಗೆ ಹೇಳಿದೆ. ಅವನಿಗೆ ನೋವಾದೀತು ಎಂದು ಅಂಜಿಕೊಂಡೇ ಹೇಳಿದೆ.

ಅಪ್ಪ ಅವ್ವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ತಿಕ್ಕುವುದು ನಿಲ್ಲಿಸಲಿಲ್ಲ. "ಆ ಹೊತ್ತಿಗೆ ಕರದ್ಳೋ ಬಿಟ್ಟಳೋ ಮಶೀನಿಗೆ ಗೊತ್ತಿರಲಿಕ್ಕಿಲ್ಲ," ಎಂದ. "ಆದ್ರ ನಾ ಕಟ್ಟೀ ಮ್ಯಾಲೆ ಕುಂತಿದ್ದೆ ನೋಡು, ಆ ಇಡೀ ವರ್ಸ ಅಕಿ ಒಳಗಿದ್ಳು. ಇದ್ದಾಕಿ ಕರೀಲಾರದ ಇರ್ತಾಳೇನ? ಎಷ್ಟು ಸಲ ಕರದಾಳೋ ಏನೋ. ಇನ್ನ ಮ್ಯಾಲೆ ಅಕಿ ಕರಿಯೂದಕ್ಕ ಮದ್ಲ ಹೂಂ ಅಂತೀನಿ."

ಹಾಗೆಯೇ ಅಂದ. ಬಸ್ಸಿನ ಸುದ್ದಿ ಹೇಳುತ್ತ ನಡುವೆ ನಿಲ್ಲಿಸಿ "ಹೂಂ." ಪೇಪರ ಓದುತ್ತ "ಹೂಂ." ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ನನಗೆ ಅದು ಕೇಳಿಸುತ್ತಿತ್ತು, ಕೇಳಿ ಕೇಳಿ ಗೋಡೆಯ ಗಡಿಯಾರದ ಸಪ್ಪಳದ ಹಾಗೆ ರೂಢಿಯಾಯಿತು. ಬಳಗದವರು ಬಂದರೆ ಅವರಿಗೆ ಕೂಡಲು ಅವ್ವನ ಎಡಮಗ್ಗುಲ ಜಾಗ. ಬಲಮಗ್ಗುಲಲ್ಲಿ ಅಪ್ಪನ ಕುರ್ಚಿ ಇರುತ್ತಿತ್ತು, ಅದನ್ನು ಯಾರೂ ಸರಿಸುವ ಹಾಗಿರಲಿಲ್ಲ. ಅವನ ಎದುರಿಗೆ ಸೀರೆಯ ಮಾತು ಯಾರೂ ತೆಗೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅವ್ವನಿಗೆ ತಲೆ ಬಾಚಲು ಹಣಿಗೆ ಹಿಡಿದು ಬಂದೆ. ಅಪ್ಪ ಅವಳ ಕಡೆಗೆ ಬಾಗಿ, ಗಜೇಂದ್ರಗಡದ ಮೊದಲ ಬಸ್ಸು ಇವತ್ತು ಹೊತ್ತಿಗೆ ಸರಿಯಾಗಿ ಹೋಯಿತು ಎಂದು ಹೇಳುತ್ತಿದ್ದ. ಅವ್ವನ ಹೊದಿಕೆ ಏರಿಳಿಯುತ್ತಿರಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ, ಉಸಿರಿರಲಿಲ್ಲ. ಹಣೆ ಇನ್ನೂ ಬೆಚ್ಚಗಿತ್ತು. ಅಪ್ಪ ನನ್ನ ಕೈಯನ್ನು ಗಮನಿಸಲಿಲ್ಲ.

ಕುರ್ಚಿಯನ್ನು ಸುತ್ತಿ ಬಂದು ನಿಂತೆ. ನಿಲ್ಲಲು ಅವನ ಎಡಗಡೆ ಮಾತ್ರ ಜಾಗವಿತ್ತು. "ಅಪ್ಪಾ" ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ದನಿ ಏರಿಸಿ, "ಅಪ್ಪಾ" ಎಂದೆ. ಮೂರನೆಯ ಸಲ ಕರೆಯುವಷ್ಟರಲ್ಲಿ ನನಗೆ ದನಿ ಉಳಿದಿರಲಿಲ್ಲ, ತುಟಿಯಷ್ಟೇ ಆಡಿತು.

ಅಪ್ಪ ಅವ್ವನ ಕಡೆಗೇ ಇನ್ನಷ್ಟು ಬಾಗಿ "ಹೂಂ" ಅಂದ.